ಹಿತ್ತಿಲ ಪಕ್ಷಿಗೃಹ: ಹಲವು ಜಾತಿಯ ಹಕ್ಕಿಗಳು ಒಂದೇ ಸೂರಿನಡಿಯಲ್ಲಿ

ಕಳೆದ ವಾರ ನಮ್ಮ ಕಚೇರಿಗೆ ಹಳೆಯ ಪರಿಚಿತರೊಬ್ಬರು ಬಂದಿದ್ದರು. ಮೂವತ್ತು ವರ್ಷಗಳಿಗೂ ಮಿಕ್ಕಿ ಮುಂಬಯಿಯ ಉಪಾಹಾರ ಗೃಹಗಳಲ್ಲಿ ದುಡಿದು, ತಟ್ಟೆ ತೊಳೆಯುವ ಕೆಲಸದಿಂದ ಗಲ್ಲೆಯವರೆಗೆ ಏರಿ, ಇದೀಗ ಬೈಂದೂರಿನ ಕಡೆಯ ತಮ್ಮ ಊರಿನಲ್ಲಿ ಮನೆ ಕಟ್ಟಿಸಿ ವಿಶ್ರಾಂತಿಗೆ ಹೊರಟು ನಿಂತವರು. ನನ್ನ ಹೋಟೆಲಿನಲ್ಲಿಯೂ ಆರು ವರ್ಷ ಇದ್ದವರಾದ್ದರಿಂದ ಇಂದಿಗೂ ಅವರಿಗೆ ನಾನು ಸಂಪಾದಕನಲ್ಲ, ಧಣಿಯೇ. ಚಹ ಕುಡಿಯುತ್ತಾ ಅವರು ಕೇಳಿದರು:

“ಧಣಿಗಳೇ, ಮನೆಯ ಹಿತ್ತಿಲಿನಲ್ಲಿ ಮೊಮ್ಮಕ್ಕಳಿಗಾಗಿ ಒಂದು ದೊಡ್ಡ ಹಕ್ಕಿಗೂಡು ಮಾಡಿಸಬೇಕೆಂದಿದ್ದೇನೆ. ಪೇಟೆಯಲ್ಲಿ ಬಣ್ಣಬಣ್ಣದ ಹಕ್ಕಿಗಳು ಸಿಗುತ್ತವೆ. ಎಲ್ಲದರಲ್ಲಿಯೂ ಒಂದೊಂದು ಜತೆ ತಂದು ಒಳಗೆ ಬಿಟ್ಟರಾಯಿತಲ್ಲವೇ?”

ನಾನು ಕೂಡಲೇ ಉತ್ತರ ಕೊಡಲಿಲ್ಲ. ಇದೇ ಪ್ರಶ್ನೆಯನ್ನು ಯಾರಲ್ಲಿಯೂ ಕೇಳದೆ, ಇದೇ ಕೆಲಸವನ್ನು ಮಾಡಿ, ನಾಲ್ಕೇ ದಿನಗಳಲ್ಲಿ ಅದರ ಫಲವನ್ನು ಕಣ್ಣಾರೆ ಕಂಡವನು ನಾನು. ಊರಿನಲ್ಲಿ ಮನೆ ಕಟ್ಟಿಸಿ ಅಂಥ ಆಸೆಯನ್ನಿಟ್ಟುಕೊಂಡಿರುವವರು ನಮ್ಮ ವಾಚಕರಲ್ಲಿ ಇನ್ನೂ ಹಲವರಿರಬಹುದು. ಆದುದರಿಂದ ಅವರೊಬ್ಬರಿಗೆ ಹೇಳಿದುದನ್ನು ಎಲ್ಲರಿಗೂ ಹೇಳುವುದು ಒಳ್ಳೆಯದೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ನನ್ನಿಂದಾದ ತಪ್ಪು

2012ರಲ್ಲಿ ಬದಲಾಪುರದ ನಮ್ಮ ಮನೆಯ ಹಿಂದೆ ಹನ್ನೆರಡು ಅಡಿ ಉದ್ದ, ಆರಡಿ ಅಗಲ, ಏಳಡಿ ಎತ್ತರದ ಒಂದು ಪಕ್ಷಿಗೃಹವನ್ನು ಕಟ್ಟಿಸಿದೆ. ಮೂರು ಜತೆ ಜೀಬ್ರಾ ಫಿಂಚ್‌ಗಳನ್ನೂ, ಅಂಗಡಿಯವನು ‘ಲವ್ ಬರ್ಡ್ಸ್’ ಎಂದು ಹೇಳಿ ಕೊಟ್ಟ ಮೂರು ಜತೆ ಹಸಿರು-ಹಳದಿ ಹಕ್ಕಿಗಳನ್ನೂ ತಂದು ಬಿಟ್ಟೆ. ಸಣ್ಣಪುಟ್ಟ ಕಿತ್ತಾಟಗಳನ್ನು ಬಿಟ್ಟರೆ ಒಂದು ವರ್ಷ ನೆಮ್ಮದಿಯಾಗಿಯೇ ಕಳೆಯಿತು. ಮರುವರ್ಷ ಮತ್ತೊಬ್ಬ ವ್ಯಾಪಾರಿ, “ಇವು ಆಫ್ರಿಕದ ಲವ್ ಬರ್ಡ್ಸ್, ಸಾಹೇಬರೇ” ಎಂದು ಕೆಂಪು ಮುಖದ ಒಂದು ಜತೆಯನ್ನು ತೋರಿಸಿದ. ಲವ್ ಬರ್ಡ್ಸ್ ನಮ್ಮಲ್ಲಿ ಮೊದಲೇ ಸುಖವಾಗಿವೆಯಲ್ಲ, ಇವೂ ಅವುಗಳ ನಂಟರೇ ಇರಬೇಕು ಎಂದು ಬಗೆದು, ಕೊಂಡು ತಂದು ಅದೇ ಸಂಜೆ ಒಳಗೆ ಬಿಟ್ಟೆನು.

ನಾಲ್ಕನೆಯ ದಿನ ಬೆಳಿಗ್ಗೆ ಎರಡು ಫಿಂಚ್‌ಗಳು ನೆಲದ ಮೇಲೆ ಸತ್ತು ಬಿದ್ದಿದ್ದವು. ಇನ್ನೊಂದರ ಕಾಲಿನ ಬೆರಳುಗಳು ತುಂಡಾಗಿದ್ದವು. ನನ್ನ ಮಗಳಿಗೆ ಆಗ ಏಳು ವರ್ಷ. ಹೊಸ ಹಕ್ಕಿಗಳು ಬಹಳ ಕೆಟ್ಟವು ಎಂದು ನಾನು ಸಮಾಧಾನ ಹೇಳಹೋದಾಗ ಅವಳು, “ಅಪ್ಪಾ, ಅವುಗಳನ್ನು ಒಟ್ಟಿಗೆ ಹಾಕಿದ್ದು ನೀವೇ ಅಲ್ಲವೇ?” ಎಂದಳು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ವಿಚಾರಿಸಿದ ಮೇಲೆ ತಿಳಿದುದಿಷ್ಟು: ನಮ್ಮ ಪೇಟೆಗಳಲ್ಲಿ ‘ಲವ್ ಬರ್ಡ್ಸ್’ ಎಂದು ಮಾರುವುದು ಬಹುಮಟ್ಟಿಗೆ ಬಜ್ರಿಗಾರ್ ಎಂಬ ಹಕ್ಕಿಯನ್ನು. ಇದು ಆಸ್ಟ್ರೇಲಿಯದ ಬಯಲುಗಳ ಸಣ್ಣ ಗಿಳಿ. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು ಇದನ್ನು ಜೀವಂತವಾಗಿ ಇಂಗ್ಲೆಂಡಿಗೆ ತಂದ ಮೇಲೆ ಲೋಕದಲ್ಲೆಲ್ಲ ಹಬ್ಬಿತು. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಮೋಟು ಬಾಲ, ದಪ್ಪ ಕೊಕ್ಕು. ತನ್ನ ಜೋಡಿಯ ಮೇಲೆ ಅದಕ್ಕೆ ಎಷ್ಟು ಮಮತೆಯೋ ಅನ್ಯರ ಮೇಲೆ ಅಷ್ಟೇ ಹಗೆ. ಹೆಸರೊಂದನ್ನೇ ನಂಬಿ ನಾನು ಎರಡು ಜೀವಗಳನ್ನು ಕಳೆದೆ.

ಕಾದಾಟದ ಮೂಲವೆಲ್ಲಿ?

ಬೇರೆ ಬೇರೆ ಜಾತಿಯ ಹಕ್ಕಿಗಳು ಹುಟ್ಟಿನಿಂದಲೇ ಪರಸ್ಪರ ವೈರಿಗಳೆಂದು ಅನೇಕರು ತಿಳಿಯುತ್ತಾರೆ. ಇದು ಪೂರ್ತಿ ಸತ್ಯವಲ್ಲ. ಎರಡು ಹಕ್ಕಿಗಳು ಒಂದೇ ವಸ್ತುವನ್ನು ಒಂದೇ ಕಡೆಯಲ್ಲಿ ಬಯಸಿದಾಗ ಜಗಳ ಹುಟ್ಟುತ್ತದೆ. ಆ ವಸ್ತು ಕಾಳಿನ ಬಟ್ಟಲಾಗಿರಬಹುದು, ರಾತ್ರಿ ಕೂರುವ ಎತ್ತರದ ಕೊಂಬೆಯಾಗಿರಬಹುದು, ಎಲ್ಲಕ್ಕಿಂತ ಹೆಚ್ಚಾಗಿ ಮೊಟ್ಟೆಯಿಡುವ ಗೂಡಾಗಿರಬಹುದು. ಈ ಕಾರಣದಿಂದಲೇ ಒಂದೇ ಜಾತಿಯವು ಅನ್ಯ ಜಾತಿಯವುಗಳಿಗಿಂತ ಹೆಚ್ಚು ಕಾದಾಡುವುದುಂಟು. ಅವುಗಳ ಬಯಕೆಗಳೆಲ್ಲ ಒಂದೇ ಅಲ್ಲವೇ? ಕಾಡಿನಲ್ಲಾದರೆ ಸೋತ ಹಕ್ಕಿ ಹಾರಿಹೋಗಿ ಬದುಕಿಕೊಳ್ಳುತ್ತದೆ. ಬಲೆಯೊಳಗೆ ಅದು ಹೋಗುವುದೆಲ್ಲಿಗೆ? ಮೂಲೆಯಿಂದ ಮೂಲೆಗೆ ಅಟ್ಟಿಸಿಕೊಂಡು, ಉಣ್ಣಲು ಧೈರ್ಯವಿಲ್ಲದೆ, ಮೈಮೇಲೆ ಒಂದು ಗಾಯವೂ ಇಲ್ಲದೆ ಹಸಿವಿನಿಂದ ಸಾಯುವ ಹಕ್ಕಿಗಳೂ ಉಂಟು.

ಈ ಮಾತನ್ನು ತಿಳಿದುಕೊಂಡ ದಿನ ನನಗೆ ನೆನಪಾದುದು ನನ್ನ ಹೋಟೆಲಿನ ಅಟ್ಟ. ಅಲ್ಲಿ ಹದಿನಾಲ್ಕು ಮಂದಿ ಮಲಗುತ್ತಿದ್ದರು. ಇದ್ದುದು ಒಂದು ನಲ್ಲಿ, ಒಂದು ಪಾಯಿಖಾನೆ. ಬೆಳಗಿನ ನಾಲ್ಕೂವರೆಗೆ ಎಲ್ಲರಿಗೂ ಒಮ್ಮೆಗೇ ನೀರು ಬೇಕು. ದಿನ ಬೆಳಗಾದರೆ ಜಗಳ. ನಾನಾದರೋ, ಇವನು ಆ ತಾಲೂಕಿನವನು, ಅವನು ಈ ತಾಲೂಕಿನವನು, ಇವರಿಬ್ಬರಿಗೆ ಎಂದೂ ಕೂಡಿಬರುವುದಿಲ್ಲ ಎಂದು ತೀರ್ಪು ಕೊಟ್ಟುಬಿಡುತ್ತಿದ್ದೆ. ಬಾಲ್ದಿಯ ವಿಷಯಕ್ಕೆ ಕೈಮಾಡಿದನೆಂದು ಒಬ್ಬ ಹುಡುಗನನ್ನು ಲೆಕ್ಕ ಚುಕ್ತಾ ಮಾಡಿ ಊರಿಗೆ ಕಳುಹಿಸಿಯೂ ಇದ್ದೆ. ಹಕ್ಕಿಗಳು ಸತ್ತ ಆ ವರ್ಷವೇ ಅಟ್ಟದಲ್ಲಿ ಇನ್ನೆರಡು ನಲ್ಲಿಗಳನ್ನು ಹಾಕಿಸಿದೆ. ಪ್ರತಿಯೊಬ್ಬನ ಟ್ರಂಕಿಗೂ ಬೇರೆ ಬೇರೆ ಹಲಗೆಯನ್ನು ಕೊಟ್ಟೆ. ಜಗಳ ಪೂರ್ತಿಯಾಗಿ ನಿಂತಿತೆಂದು ಹೇಳಲಾರೆ. ಆದರೆ ದಿನನಿತ್ಯದ್ದು ತಿಂಗಳಿಗೊಮ್ಮೆಯಾಯಿತು. ದುಡಿಯುವ ಜನರನ್ನು ಹಕ್ಕಿಗಳಿಗೆ ಹೋಲಿಸುವ ಉದ್ದೇಶ ನನ್ನದಲ್ಲ. ಹೋಲಿಸುವುದಾದರೆ ಧಣಿಯನ್ನು ಪಂಜರದ ಒಡೆಯನಿಗೆ ಹೋಲಿಸಬೇಕು. ಇಬ್ಬರೂ ಇಕ್ಕಟ್ಟನ್ನು ತಾವೇ ನಿರ್ಮಿಸಿ ಒಳಗಿನವರ ಸ್ವಭಾವವನ್ನು ಹಳಿಯುತ್ತಾರೆ. ಅಂದು ಊರಿಗೆ ಹೋದ ಹುಡುಗನ ಕೈಗೆ ಈ ಪತ್ರಿಕೆ ಸಿಕ್ಕಿದರೆ, ತಪ್ಪು ಅವನೊಬ್ಬನದಾಗಿರಲಿಲ್ಲ ಎಂಬುದನ್ನು ಅವನು ತಿಳಿಯಲಿ.

ಯಾರೊಡನೆ ಯಾರು?

ಮೇಲಿನ ತತ್ತ್ವದಿಂದ ಒಂದು ಸೂತ್ರ ತಾನಾಗಿ ಹೊರಡುತ್ತದೆ. ಬೇರೆ ಬೇರೆ ಎತ್ತರದಲ್ಲಿ ಬಾಳುವ, ಬೇರೆ ಬೇರೆ ರೀತಿಯಲ್ಲಿ ಉಣ್ಣುವ, ಬೇರೆ ಬೇರೆ ಬಗೆಯ ಗೂಡನ್ನು ಬಯಸುವ ಸಾಧು ಸ್ವಭಾವದ ಹಕ್ಕಿಗಳನ್ನು ಆರಿಸಿಕೊಳ್ಳಬೇಕು.

ನೆಲದ ಮೇಲೆ ಓಡಾಡಿ ಕಾಳು ಹೆಕ್ಕುವುದಕ್ಕೆ ಆಸ್ಟ್ರೇಲಿಯದ ಡೈಮಂಡ್ ಡವ್ ಎಂಬ ಪುಟ್ಟ ಬೂದುಬಣ್ಣದ ಪಾರಿವಾಳ ಒಳ್ಳೆಯದು. ರೆಕ್ಕೆಯ ಮೇಲೆ ಬಿಳಿಯ ಚುಕ್ಕೆಗಳು, ಕಣ್ಣಿನ ಸುತ್ತ ಕೆಂಪು ಉಂಗುರ. ಇದರ ಒಂದೇ ಜತೆ ಸಾಕು. ಎರಡು ಗಂಡುಗಳಿದ್ದರೆ ಪರಸ್ಪರ ಬೆನ್ನಟ್ಟುತ್ತವೆ.

ನಡುವಿನ ಕೊಂಬೆಗಳಿಗೆ ಫಿಂಚ್‌ಗಳು. ಜೀಬ್ರಾ ಫಿಂಚ್ ಸುಮಾರು ಹನ್ನೆರಡು ಗ್ರಾಂ ತೂಗುವ, ಕೆಂಪು ಕೊಕ್ಕಿನ, ಇಡೀ ದಿನ ಸಣ್ಣ ತುತ್ತೂರಿಯಂತೆ ಕೂಗುವ ಹಕ್ಕಿ. ಬೆಂಗಾಲೀಸ್ ಫಿಂಚ್ ಎಂಬುದು ಅದಕ್ಕಿಂತಲೂ ಸಾಧು. ಹೆಸರಿನಲ್ಲಿ ಬಂಗಾಳವಿದ್ದರೂ ಇದು ಕಾಡಿನಲ್ಲಿ ಎಲ್ಲಿಯೂ ಇಲ್ಲದ ಸಾಕುಹಕ್ಕಿ. ನಮ್ಮ ಪಶ್ಚಿಮ ಘಟ್ಟದ ಗದ್ದೆಗಳ ಅಂಚಿನಲ್ಲಿಯೂ ಕಾಣುವ, ಸೊಂಟದ ಭಾಗ ಬೆಳ್ಳಗಿರುವ ರಾಟವಾಳದ ಸಂತತಿಯನ್ನು ಜಪಾನಿನವರು ತಲೆಮಾರುಗಳ ಕಾಲ ಸಾಕಿ ಬೆಳೆಸಿದ ತಳಿ. ಇವು ರಾತ್ರಿ ಏಳೆಂಟು ಸೇರಿ ಒಂದೇ ಗೂಡಿನಲ್ಲಿ ಮಲಗುತ್ತವೆ; ಪರರ ಮರಿಗಳನ್ನೂ ತಮ್ಮವೆಂದೇ ಸಾಕುತ್ತವೆ.

ಮೇಲಿನ ಕೊಂಬೆಗೆ ಕಾಕಟೀಲ್. ತಲೆಯ ಮೇಲೆ ಜುಟ್ಟು, ಕೆನ್ನೆಯಲ್ಲಿ ಕಿತ್ತಳೆಬಣ್ಣದ ಬೊಟ್ಟು. ಲವ್ ಬರ್ಡ್‌ನ ತೂಕ ಸುಮಾರು ಐವತ್ತು ಗ್ರಾಂ, ಇದರದು ಹೆಚ್ಚುಕಡಿಮೆ ತೊಂಬತ್ತು. ಆದರೂ ಇದು ಫಿಂಚ್‌ಗಳ ತಂಟೆಗೆ ಸಾಮಾನ್ಯವಾಗಿ ಹೋಗುವುದಿಲ್ಲ. ಆದುದರಿಂದ ಗಾತ್ರವನ್ನು ನೋಡಿ ಗುಣವನ್ನು ನಿರ್ಣಯಿಸಬಾರದು.

ಇನ್ನು ಕೂಡಿಸಬಾರದವು. ಆಫ್ರಿಕದ ಲವ್ ಬರ್ಡ್ ಪ್ರತ್ಯೇಕವಾಗಿಯೇ ಇರಬೇಕು. ಬಲೆಯ ಇನ್ನೊಂದು ಮಗ್ಗುಲಿನಲ್ಲಿ ಬೇರೆ ಹಕ್ಕಿಗಳಿದ್ದರೆ ನಡುವೆ ಎರಡು ಪದರ ಬಲೆ, ಅವುಗಳ ನಡುವೆ ಮೂರು ನಾಲ್ಕು ಅಂಗುಲ ಅಂತರ ಬೇಕು. ಇಲ್ಲವಾದರೆ ಬಲೆಗೆ ಜೋತುಬಿದ್ದ ಹಕ್ಕಿಯ ಬೆರಳನ್ನು ಅದು ಕಚ್ಚಿಹಾಕುತ್ತದೆ. ಬಜ್ರಿಗಾರ್ ಕೆಟ್ಟ ಹಕ್ಕಿಯಲ್ಲ. ಆದರೆ ಅದಕ್ಕೆ ಎಲ್ಲವನ್ನೂ ಕಡಿದು ನೋಡುವ ಚಪಲ. ಫಿಂಚ್‌ನ ಕಾಲು ಕಡ್ಡಿಯಷ್ಟು ತೆಳ್ಳಗಿರುವುದರಿಂದ ಆಟವೇ ಅಪಾಯವಾದೀತು. ನನ್ನಲ್ಲಿ ಒಂದು ವರ್ಷ ಏನೂ ಆಗದಿದ್ದುದು ಅದೃಷ್ಟವೇ ಹೊರತು ಜಾಣತನವಲ್ಲ. ಜಾವಾ ಗುಬ್ಬಿಯೂ ಸಣ್ಣ ಫಿಂಚ್‌ಗಳ ಮೇಲೆ ದರ್ಪ ತೋರುವುದುಂಟು.

ಹನ್ನೆರಡಡಿ ಉದ್ದದ ಮನೆಗೆ ಮೂರು ಜತೆ ಜೀಬ್ರಾ, ಮೂರು ಜತೆ ಬೆಂಗಾಲೀಸ್, ಒಂದು ಜತೆ ಡೈಮಂಡ್ ಡವ್, ಒಂದು ಜತೆ ಕಾಕಟೀಲ್, ಒಟ್ಟು ಹದಿನಾರು ಹಕ್ಕಿಗಳು ಧಾರಾಳವಾಗಿ ಸಾಕು. ಹದಿನೇಳನೆಯದನ್ನು ಕೊಳ್ಳುವ ಆಸೆಯಾದ ದಿನ ಪೇಟೆಯ ಕಡೆಗೆ ಹೋಗಬಾರದು.

ಮನೆಯ ರಚನೆ

ಹಕ್ಕಿ ಅಡ್ಡಕ್ಕೆ ಹಾರುತ್ತದೆಯೇ ಹೊರತು ಬಾವಿಯ ಕೊಡದಂತೆ ಮೇಲೆ ಕೆಳಗೆ ಹೋಗುವುದಿಲ್ಲ. ಆದುದರಿಂದ ಎತ್ತರಕ್ಕಿಂತ ಉದ್ದ ಮುಖ್ಯ. ಬಲೆಯ ಕಿಂಡಿ ಅರ್ಧ ಅಂಗುಲವನ್ನು ಮೀರಬಾರದು. ಇಲಿಮರಿ ಅದರಲ್ಲಿಯೂ ನುಸುಳುವುದರಿಂದ ಕೆಳಗಿನ ಎರಡಡಿಗೆ ಇನ್ನೂ ಸಣ್ಣ ಕಿಂಡಿಯ ಬಲೆಯನ್ನು ಹೊಂದಿಸಬೇಕು. ನೆಲದಡಿಯಲ್ಲಿ ಒಂದೂವರೆ ಅಡಿ ಆಳದ ಕಾಂಕ್ರೀಟಿನ ತಳಪಾಯವಿರಲಿ. ನಮ್ಮ ಕರಾವಳಿಯ ಹಿತ್ತಿಲುಗಳಲ್ಲಿ ಹೆಗ್ಗಣ, ಮುಂಗುಸಿ, ಕೇರೆಹಾವು ಯಾವುದಕ್ಕೂ ಬರವಿಲ್ಲ. ಹೊಸ ಸತುವಿನ ಲೇಪದ ಬಲೆಯನ್ನು ವಿನೆಗರಿನಿಂದ ಉಜ್ಜಿ ತೊಳೆದ ಮೇಲೆಯೇ ಉಪಯೋಗಿಸಬೇಕು. ಅದರ ಸತುವಿನ ಕಣಗಳು ಗಿಳಿಜಾತಿಯ ಹಕ್ಕಿಗಳ ಹೊಟ್ಟೆ ಸೇರಿದರೆ ವಿಷವಾಗುತ್ತವೆ.

ಬಾಗಿಲು ಒಂದಲ್ಲ, ಎರಡು ಬೇಕು. ಹೊರಬಾಗಿಲನ್ನು ಮುಚ್ಚಿದ ಮೇಲೆ ಒಳಬಾಗಿಲನ್ನು ತೆರೆಯುವಂತೆ ನಡುವೆ ಒಬ್ಬರು ನಿಲ್ಲುವಷ್ಟು ಜಾಗ. ಮಾಡಿನ ಮೇಲೆ ಬರಿಯ ಬಲೆ ಸಾಲದು, ತಗಡನ್ನೋ ಹೆಂಚನ್ನೋ ಹೊದಿಸಬೇಕು. ಹೊರಗಿನ ಪಾರಿವಾಳ, ಕಾಗೆಗಳ ಹಿಕ್ಕೆ ಒಳಗೆ ಬಿದ್ದರೆ ರೋಗವೂ ಅದರೊಡನೆ ಬೀಳುತ್ತದೆ. ಜೂನಿನಿಂದ ಸೆಪ್ಟೆಂಬರದವರೆಗೆ ಇರಚಲು ಬಡಿಯುವ ಪಡುವಣ ಮಗ್ಗುಲನ್ನು ಭದ್ರವಾಗಿ ಮುಚ್ಚಬೇಕು.

ಒಳಗಿನ ಏರ್ಪಾಡಿನಲ್ಲಿಯೇ ಶಾಂತಿಯ ಗುಟ್ಟು ಇರುವುದು. ಕಾಳು ಮತ್ತು ನೀರನ್ನು ಕನಿಷ್ಠ ಮೂರು ಕಡೆ, ಒಂದರಿಂದೊಂದು ದೂರವಾಗಿ ಇಡಬೇಕು. ಒಂದು ಪುಂಡ ಹಕ್ಕಿ ಮೂರು ಬಾಗಿಲು ಕಾಯಲಾರದು. ಕೂರುವ ಕೊಂಬೆಗಳನ್ನು ಎರಡೂ ತುದಿಗಳಲ್ಲಿ ಒಂದೇ ಎತ್ತರಕ್ಕೆ ಕಟ್ಟಬೇಕು, ಬಟ್ಟಲುಗಳು ಅವುಗಳ ಕೆಳಗೆ ಇರಕೂಡದು. ಜತೆಗಳಿಗೆ ಇಮ್ಮಡಿ ಗೂಡುಗಳಿರಲಿ, ಒಂದು ಜಾತಿಯ ಗೂಡುಗಳೆಲ್ಲ ಸಮಾನ ಎತ್ತರದಲ್ಲಿರಲಿ. ಒಂದನ್ನು ಮೇಲೆ, ಉಳಿದುವನ್ನು ಕೆಳಗೆ ಇಟ್ಟಿರೋ, ಎಲ್ಲ ಹಕ್ಕಿಗಳೂ ಮೇಲಿನದಕ್ಕೇ ಹೊಡೆದಾಡುತ್ತವೆ. ಒಂದು ಮೂಲೆಯಲ್ಲಿ ದಟ್ಟ ಎಲೆಯ ಕುಂಡಗಳನ್ನಿಟ್ಟರೆ ಬೆದರಿದ ಹಕ್ಕಿ ಮರೆಯಾಗಿ ಕುಳಿತು ಸುಧಾರಿಸಿಕೊಳ್ಳುತ್ತದೆ.

ಹಕ್ಕಿಗಳನ್ನು ಬಿಡುವುದಕ್ಕೂ ಕ್ರಮವುಂಟು. ಹೊಸತಾಗಿ ಕೊಂಡುದನ್ನು ಮೂವತ್ತು ದಿನ ದೂರದ ಬೇರೆ ಪಂಜರದಲ್ಲಿಟ್ಟು, ಕಾಯಿಲೆಯಿಲ್ಲವೆಂದು ಕಂಡ ಮೇಲೆಯೇ ಒಳಗೆ ಸೇರಿಸಬೇಕು. ಮೊದಲು ಪುಕ್ಕಲು ಹಕ್ಕಿಗಳನ್ನು ಬಿಟ್ಟು, ಅವು ಜಾಗವನ್ನು ಪರಿಚಯ ಮಾಡಿಕೊಂಡ ಬಳಿಕ ಗಟ್ಟಿಗರನ್ನು ಬಿಡುವುದು ಕ್ಷೇಮ. ಜೀಬ್ರಾ ಫಿಂಚ್‌ಗಳಲ್ಲಿ ಎರಡೇ ಜತೆ ಬೇಡ. ಒಂದು, ಇಲ್ಲವೆ ಮೂರು. ಎರಡಿದ್ದರೆ ಬಲವಾದುದು ಬಡದನ್ನು ಸದಾ ಕಾಡುತ್ತದೆ, ಮೂರಾದರೆ ಆ ಹಗೆ ಹಂಚಿಹೋಗುತ್ತದೆ. ಬೆಳಿಗ್ಗೆ ಬಿಡಬೇಕು, ನನ್ನಂತೆ ಸಂಜೆ ಬಿಡಬಾರದು. ಮೊದಲ ದಿನ ಎರಡು ಗಂಟೆಯಾದರೂ ಎದುರಿನಲ್ಲಿ ಕುಳಿತು ನೋಡಬೇಕು.

ಊಟೋಪಚಾರ

ಹೋಟೆಲಿನವರಾದ ನಮಗೆ ಈ ಭಾಗವನ್ನು ಯಾರೂ ಕಲಿಸಬೇಕಿಲ್ಲವೆಂದು ನಾನು ತಿಳಿದಿದ್ದೆ. ಮೊದಲು ಮೋಸಹೋದುದು ಇಲ್ಲಿಯೇ. ಫಿಂಚ್ ಮತ್ತು ಗಿಳಿಜಾತಿಯವು ಕಾಳಿನ ಸಿಪ್ಪೆಯನ್ನು ಬಿಡಿಸಿ ಒಳಗಿನ ತಿರುಳನ್ನು ಮಾತ್ರ ತಿನ್ನುತ್ತವೆ. ಹೊಟ್ಟು ಬಟ್ಟಲಿನಲ್ಲಿಯೇ ಉಳಿಯುತ್ತದೆ. ಬಟ್ಟಲು ತುಂಬಿದೆಯೆಂದು ನಾವು ತಿರುಗಿ ಬರುತ್ತೇವೆ, ಒಳಗೆ ಹಕ್ಕಿಗಳು ಉಪವಾಸ. ದಿನವೂ ಹೊಟ್ಟನ್ನು ಊದಿ ನೋಡಿ ಹೊಸ ಕಾಳು ಹಾಕಬೇಕು. ನವಣೆ, ಸಾಮೆ, ಬರಗು ಮೂರೂ ಬೆರೆಸಿದ್ದು ಎಲ್ಲರಿಗೂ ಆಗುತ್ತದೆ. ಕಾಕಟೀಲಿಗೆ ಜತೆಗೆ ಸಜ್ಜೆ, ಅಲ್ಪಸ್ವಲ್ಪ ಸೂರ್ಯಕಾಂತಿ ಬೀಜ. ಪಾರಿವಾಳ ಕಾಳನ್ನು ಇಡಿಯಾಗಿ ನುಂಗುವುದರಿಂದ ಅದನ್ನು ಅರೆಯಲು ಸಣ್ಣ ಮರಳು ಬೇಕು. ಹರಿವೆ, ಕೊತ್ತಂಬರಿ, ನುಗ್ಗೆಸೊಪ್ಪು ಒಳ್ಳೆಯದು. ಸುಣ್ಣದಂಶಕ್ಕಾಗಿ ಸಮುದ್ರಫೇನದ ತುಂಡೊಂದನ್ನು ಬಲೆಗೆ ಕಟ್ಟಿರಿ. ಮರಿಗಳಿರುವಾಗ ಬೇಯಿಸಿದ ಮೊಟ್ಟೆಯನ್ನು ಪುಡಿಮಾಡಿ ಕೊಡಬಹುದು. ಆದರೆ ಎರಡು ತಾಸಿನೊಳಗೆ ಉಳಿದುದನ್ನು ತೆಗೆಯಬೇಕು.

ಉಪ್ಪಿನ ಸೇವು, ಚಕ್ಕುಲಿ, ಚಹ, ಕಾಫಿ, ಚಾಕೊಲೇಟು, ಬೆಣ್ಣೆಹಣ್ಣು ಇವುಗಳನ್ನು ಎಂದಿಗೂ ಕೊಡಕೂಡದು. ಅಡಿಗೆಮನೆಯ ಕಿಟಕಿಯ ಎದುರಿನಲ್ಲಿ ಪಕ್ಷಿಗೃಹವನ್ನು ಕಟ್ಟಲೂ ಬಾರದು. ಅಂಟದ ಲೇಪವಿರುವ ಕಾವಲಿ ಅತಿಯಾಗಿ ಕಾದಾಗ ಹೊರಡುವ ಹೊಗೆ ನಮಗೆ ತಿಳಿಯದಿದ್ದರೂ ಹಕ್ಕಿಗಳನ್ನು ನಿಮಿಷಗಳಲ್ಲಿ ಕೊಲ್ಲಬಲ್ಲುದು. ಹಿಕ್ಕೆಯನ್ನು ಗುಡಿಸುವಾಗ ಮೊದಲು ನೀರು ಚಿಮುಕಿಸಿ, ಬಾಯಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿರಿ. ಆ ಧೂಳಿನಿಂದ ಮನುಷ್ಯರಿಗೂ ಶ್ವಾಸಕೋಶದ ಬೇನೆ ತಗಲುವುದುಂಟು.

ಕಾಯಿದೆಯ ಮಾತು

ನಮ್ಮ ಗಿಳಿ, ಮೈನಾ, ರಾಟವಾಳ, ಪಿಕಳಾರ ಮೊದಲಾದ ದೇಶೀಯ ಕಾಡುಹಕ್ಕಿಗಳನ್ನು ಹಿಡಿಯುವುದೂ ಮಾರುವುದೂ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಅಪರಾಧ. ‘ಮನೆಯಲ್ಲಿ ಮಾತಾಡುವ ಒಂದು ಗಿಳಿಯಿದ್ದರೇನು?’ ಎಂದು ಕೇಳುವವರಿದ್ದಾರೆ. ಅದೂ ಅಪರಾಧವೇ. ರಾಟವಾಳಗಳಿಗೆ ಬಣ್ಣ ಬಳಿದು ಪರದೇಶದ ಹಕ್ಕಿಯೆಂದು ಮಾರುವ ಮೋಸಗಾರರೂ ಉಂಟು. ಕೊಂಡವನ ಮನೆಯಲ್ಲಿ ಒಂದು ಸ್ನಾನಕ್ಕೆ ಬಣ್ಣ ಇಳಿಯುತ್ತದೆ. ಪರದೇಶದ ಹಕ್ಕಿಗಳಲ್ಲಿಯೂ ಮಕಾವ್, ಆಫ್ರಿಕದ ಬೂದು ಗಿಳಿ ಮೊದಲಾದುವನ್ನು ಇಟ್ಟುಕೊಂಡವರು 2022ರ ತಿದ್ದುಪಡಿ ಮತ್ತು 2024ರ ನಿಯಮಗಳಂತೆ ಸರಕಾರದಲ್ಲಿ ನೋಂದಾಯಿಸಬೇಕು. ಜಾವಾ ಗುಬ್ಬಿಯೂ ಆ ಪಟ್ಟಿಯಲ್ಲಿದೆ. ಬಜ್ರಿಗಾರ್, ಕಾಕಟೀಲ್, ಜೀಬ್ರಾ ಮತ್ತು ಬೆಂಗಾಲೀಸ್ ಫಿಂಚ್, ಡೈಮಂಡ್ ಡವ್ ಆ ಪಟ್ಟಿಗೆ ಸೇರಿಲ್ಲ. ಏನೇ ಕೊಂಡರೂ ರಸೀದಿಯನ್ನು ಕೇಳಿ ಪಡೆದು ಜೋಪಾನವಾಗಿಡಿರಿ. ತಲೆಮಾರುಗಳಿಂದ ಗೂಡಿನಲ್ಲೇ ಹುಟ್ಟಿ ಬೆಳೆದ ಈ ಹಕ್ಕಿಗಳನ್ನು ಬೇಸರ ಬಂದಿತೆಂದು ಹೊರಗೆ ಹಾರಿಬಿಡುವುದು ಪುಣ್ಯವಲ್ಲ. ಅವು ಕಾಗೆ ಬೆಕ್ಕುಗಳಿಗೆ ಆಹಾರವಾಗುತ್ತವೆ.

ಕೊನೆಯ ಮಾತು

ನನ್ನ ಪರಿಚಿತರು ಇಷ್ಟನ್ನೂ ತಾಳ್ಮೆಯಿಂದ ಕೇಳಿ, “ಹಾಗಾದರೆ ಧಣಿಗಳೇ, ನಾನು ಸದ್ಯಕ್ಕೆ ಹಕ್ಕಿಗಳನ್ನು ಕೊಳ್ಳುವುದಿಲ್ಲ. ಮೊದಲು ಮನೆ ಕಟ್ಟಿ, ಒಂದು ಮಳೆಗಾಲ ಖಾಲಿ ಬಿಟ್ಟು, ಎಲ್ಲಿ ಸೋರುತ್ತದೆ, ಎಲ್ಲಿ ಇಲಿ ನುಗ್ಗುತ್ತದೆ ನೋಡುತ್ತೇನೆ” ಎಂದರು. ನಾನು ಹೇಳಿದ ಯಾವ ಮಾತಿಗಿಂತಲೂ ಅವರ ಈ ಮಾತು ಹೆಚ್ಚು ಬೆಲೆಯುಳ್ಳದ್ದು. ನಾನು ಹಾಗೆ ಮಾಡಿದ್ದರೆ ಎರಡು ಜೀವಗಳು ಉಳಿಯುತ್ತಿದ್ದವು.

ಮುಂಬಯಿಯ ಒಂದೇ ಕೋಣೆಯಲ್ಲಿ ನಾಲ್ಕೈದು ಮಂದಿ ಬಾಳುತ್ತಿರುವ ನಮ್ಮ ಸೋದರರಿಗೆ ನನ್ನ ಸಲಹೆ ಬೇರೆ. ತಮಗೇ ಕಾಲು ಚಾಚಲು ಎಡೆಯಿಲ್ಲದಲ್ಲಿ ಪಂಜರವನ್ನು ತರಬೇಡಿರಿ. ರಜೆಯ ದಿನ ಭಾಯಖಳದ ರಾಣಿಬಾಗಿಗೆ ಹೋಗಿರಿ. 2020ರಲ್ಲಿ ಅಲ್ಲಿ ನೋಡುಗರೇ ಒಳಗೆ ನಡೆದುಹೋಗುವಂಥ ದೊಡ್ಡ ಪಕ್ಷಿಗೃಹವನ್ನು ತೆರೆದಿದ್ದಾರೆ. ಊರಿಗೆ ಹೋದಾಗ ಮೈಸೂರಿನ ಕಾರಂಜಿ ಕೆರೆಯಲ್ಲಿಯೂ ಅಂಥದನ್ನು ನೋಡಬಹುದು. ನೀರಿನ ಹಕ್ಕಿ ನೀರಿನ ಬಳಿ, ಮರದ ಹಕ್ಕಿ ಮರದ ಮೇಲೆ, ನೆಲದ ಹಕ್ಕಿ ನೆಲದಲ್ಲಿ. ತಂತಮ್ಮ ಜಾಗ ತಮಗಿರುವಾಗ ಹಲವು ಜಾತಿಗಳು ಹೇಗೆ ಒಟ್ಟಿಗಿರಬಲ್ಲವೆಂಬುದನ್ನು ಅಲ್ಲಿ ಕಾಣಬಹುದು.

ಹಕ್ಕಿಮನೆಯನ್ನು ಕಟ್ಟಿಸಲು ಹೊರಟವರು ಗೆರೆ ಎಳೆಯುವ ಮೊದಲು ತಮ್ಮನ್ನು ತಾವೇ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಮನೆಯೊಳಗೆ ಅತ್ಯಂತ ಬಡಪಾಯಿಯಾದ ಹಕ್ಕಿ ಎಲ್ಲಿ ಉಣ್ಣುತ್ತದೆ, ಎಲ್ಲಿ ಮಲಗುತ್ತದೆ? ಅದಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಉಳಿದುವುಗಳ ಚಿಂತೆ ಹೆಚ್ಚಾಗಿ ಬೇಕಾಗುವುದಿಲ್ಲ.